ಎಲೆ ಚೀಲದ ಮೇಲೆ ಆರೋಪ

'ಏನ್ ಮಾಮಿ, ಎಲೆಕ್ಷನ್ ಬಂತಾ? ಚೀಲ ಎಡದಿಂದ ಬಲಕ್ಕೆ ಪಾರ್ಟಿ ಬದಲಾಯಿಸಿದೆಯಲ್ಲ?'

ಕೋತಗಿರಿ ಹತ್ತಿರದ ನಮ್ಮ ಟೀ ತೋಟದಲ್ಲಿ ಮಾದಿ ಮಾಮಿಯನ್ನು ನಾನು ಹೀಗೆ ಕೆಣಕಿದ್ದು ಮಳೆಗಾಲದ ಕೊನೆಯಲ್ಲಿ. ಮಾಮಿ ಎಂದರೆ ಅಪ್ಪನ ತಂಗಿ. ಮದುವೆಯಾದಾಗಿನಿಂದ ಎಡ ಹೆಗಲಿಗೇ ಎಲೆ ಚೀಲ ನೇತುಹಾಕಿದವಳು.

'ಆ ನರ್ಸಮ್ಮ ಹೇಳಿದ್ಳಲ್ಲೋ, ಚೀಲದ ಪಟ್ಟಿ ಉಜ್ಜಿ ಉಜ್ಜಿ ಎದೇಲಿ ಗಂಟಾಗುತ್ತೆ ಅಂತ. ಬದಲಾಯಿಸಿ ಮೂರು ತಿಂಗಳಾಯ್ತು. ಗಂಟು ಹೋಗ್ಲಿಲ್ಲ.'

(ನಾವು ಆಡುವುದು ನೀಲಗಿರಿಯ ಬಡಗ ಭಾಷೆ. ಹಾಗೇ ಬರೆದರೆ ನೀವು ಪುಟ ತಿರುಗಿಸುತ್ತೀರಿ ಅಂತ ಸ್ವಲ್ಪ ನಿಮ್ಮ ಕಡೆಗೆ ಬಗ್ಗಿಸಿದ್ದೇನೆ.)

ನರ್ಸಮ್ಮ ಹಾಗೆ ಹೇಳಿರಲೇ ಇಲ್ಲ. ಹೇಳಿದ್ದು ನಾನು. ಅವರ ದನಿಯಲ್ಲಿ.

ನಡೆದದ್ದು ಇಷ್ಟು. ಮೂರು ತಿಂಗಳ ಹಿಂದೆ ನಮ್ಮೂರ ಶಾಲೆಯಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನ ಕ್ಯಾಂಪ್ ಇತ್ತು. ಇಟ್ಟಿದ್ದು ಯಾವತ್ತು? ಎಲೆ ಮುರಿಯುವ ದಿನ. ಚಿಗುರು ಬಲಿತರೆ ಫ್ಯಾಕ್ಟರಿಯವರು ಮೂಗು ಮುರಿಯುತ್ತಾರೆ. ಹೆಂಗಸರು ತೋಟ ಬಿಟ್ಟು ಬರುತ್ತಾರಾ? ಬೆಂಚು ಹೊತ್ತುಹಾಕಲು ಹೋದ ನಾನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಸಂಜೆ ಎಲೆ ತೂಗುವ ಶೆಡ್ಡಿನಲ್ಲಿ ಫ್ಯಾಕ್ಟರಿ ಲಾರಿಗೆ ಕಾಯುತ್ತಿದ್ದ ಹೆಂಗಸರಿಗೆ ಪೂರಾ ಕ್ಯಾಂಪನ್ನು ಒಬ್ಬನೇ ಮಾಡಿ ತೋರಿಸಿದೆ. ಮಿಮಿಕ್ರಿ ನನ್ನ ಕಾಯಿಲೆ. ಬಸ್ ಕಂಡಕ್ಟರು, ಸೂಪರ್‌ವೈಸರು, ನನ್ನ ಸ್ವಂತ ಅಪ್ಪ, ಯಾರನ್ನೂ ಬಿಟ್ಟವನಲ್ಲ.

ನರ್ಸಮ್ಮನ ಊಟಿ ತಮಿಳು, ಕನ್ನಡಕ ಏರಿಸುವ ರೀತಿ, ಮಧ್ಯೆ ಮಧ್ಯೆ 'ಅರ್ಥ ಆಯ್ತಾ?'. ಎಲ್ಲ ಪರ್ಫೆಕ್ಟ್. ಆದರೆ ಅವರ ಭಾಷಣದಲ್ಲಿ ನಗು ಕಮ್ಮಿ ಇತ್ತು. ಹಾಗಾಗಿ 'ನೋವಿಲ್ಲ ಅಂತ ಗಂಟನ್ನು ಬಿಟ್ಟು ಕೂರಬೇಡಿ' ಅನ್ನುವ ಸಾಲು ಕಟ್ ಮಾಡಿದೆ. ಅದರ ಜಾಗದಲ್ಲಿ, 'ನಿಮಗೆಲ್ಲ ಚೀಲದ ಪಟ್ಟಿಯಿಂದಲೇ ಗಂಟು ಬರೋದು, ಹೆಗಲು ಬದಲಾಯಿಸಿ, ನನ್ನ ಪ್ರಾಣ ತಿನ್ನಬೇಡಿ' ಅಂತ ಸೇರಿಸಿದೆ. ಶೆಡ್ಡು ಹಾರಿಹೋಗುವಷ್ಟು ನಗು.

ಒಬ್ಬಳು ಮಾತ್ರ ಮನೆಗೆ ಹೋಗಿ ಹೆಗಲು ಬದಲಾಯಿಸಿದಳು.

ಮಾಮಿ ಗಂಟಿನ ಮಾತು ಎತ್ತಿದ ಮರುದಿನವೇ ಬೈಕಿನಲ್ಲಿ ಮಾಮಿಯನ್ನು ಕೂರಿಸಿಕೊಂಡು ನರ್ಸಮ್ಮನ ಮುಂದೆ ನಿಂತೆ. ತಪ್ಪೊಪ್ಪಿಕೊಂಡೆ. ಅವರು ಪರೀಕ್ಷೆ ಮಾಡಿ, ಚೀಟಿ ಬರೆದು, ಕನ್ನಡಕ ಏರಿಸಿ, 'ನನ್ನ ದನಿ ಚೆನ್ನಾಗಿ ಬರುತ್ತಂತೆ ನಿನಗೆ. ತಲೇನೂ ಸ್ವಲ್ಪ ಬಂದಿದ್ರೆ ಚೆನ್ನಾಗಿತ್ತು' ಅಂದರು.

ಕೊಯಮತ್ತೂರಿನಲ್ಲಿ ಮ್ಯಾಮೊಗ್ರಾಮ್, ಆಮೇಲೆ ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ಮಾಡುವ ಟೆಸ್ಟು. ಕ್ಯಾನ್ಸರ್. ಮೂರು ತಿಂಗಳ ಹಿಂದೆ ಬಂದಿದ್ದರೆ ಗಂಟು ಎಷ್ಟಿರುತ್ತಿತ್ತು ಅಂತ ಡಾಕ್ಟರನ್ನು ಕೇಳಿದೆ. 'ಈಗ ಬಂದಿದ್ದೀರಲ್ಲ, ಇಲ್ಲಿಂದ ನೋಡೋಣ' ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಊರಿಗೆ ಬಂದರೆ ಮನೆ ತುಂಬ ತಜ್ಞರು. ಯಾಕೆ ಬಂತು? ಏಟು ಬಿದ್ದಿರಬೇಕು. ಕಣ್ಣು ಬಿದ್ದಿರಬೇಕು. ಹಿಂದಿನ ಜನ್ಮದ್ದು. 'ನಮ್ಮಮ್ಮನಿಗೆ ಇರಲಿಲ್ಲವಲ್ಲ, ಇವಳಿಗೆ ಹೇಗೆ ಬಂತು?' ಅಂತ ದೊಡ್ಡಪ್ಪ. ನರ್ಸಮ್ಮ ಇದಕ್ಕೂ ಉತ್ತರ ಹೇಳಿದ್ದರು, ಅದನ್ನೂ ನಾನು ಕಟ್ ಮಾಡಿದ್ದೆ. ಹೆಣ್ಣಾಗಿರುವುದು, ವಯಸ್ಸಾಗುವುದು, ಇವೆರಡೇ ಎಲ್ಲಕ್ಕಿಂತ ದೊಡ್ಡ ಅಪಾಯ. ಮನೆತನದಲ್ಲಿದ್ದರೆ ಹೆಚ್ಚು, ಅದರಲ್ಲಿ ಅಪ್ಪನ ಕಡೆಯೂ ಲೆಕ್ಕಕ್ಕೆ ಬರುತ್ತದೆ. ಮುಟ್ಟು ನಿಂತ ಮೇಲೆ ಏರುವ ತೂಕ, ಕುಡಿತ, ಇವೂ ಸೇರುತ್ತವೆ. ಆದರೆ ಇದು ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಚೀಲದ ಪಟ್ಟಿ ನಿರಪರಾಧಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಸರಿ. ಅದನ್ನು ತೀರ್ಮಾನಿಸಲು ನೀವ್ಯಾರು, ನಾನ್ಯಾರು? (ಗಂಡಸರೇ, ನಗಬೇಡಿ. ಅಪರೂಪಕ್ಕೆ ನಮಗೂ ಬರುತ್ತದಂತೆ.)

ಆಪರೇಷನ್ ಮುಗಿದಿದೆ. ಕೀಮೋ ನಡೆಯುತ್ತಿದೆ. ಮುಂದೇನು ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಮೊನ್ನೆ ಮಾಮಿ ನನ್ನನ್ನು ಶೆಡ್ಡಿಗೆ ಎಳೆದುಕೊಂಡು ಹೋದಳು. 'ಆ ನರ್ಸಮ್ಮನ ಮಾತು ಪೂರ್ತಿ ಮಾಡೋ. ಒಂದು ಸಾಲೂ ನುಂಗಬೇಡ.'

ಮಾಡಿದೆ. ಯಾರೂ ನಗಲಿಲ್ಲ. ಆಮೇಲೆ ಮಾಮಿ ತಲೆಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ, ಬೋಳು ತಲೆ ತೋರಿಸಿ, 'ಈಗ ನಗ್ರೇ. ನಕ್ಕು ಮನೆಗೆ ಹೋಗಿ ಮುಟ್ಟಿ ನೋಡ್ಕೊಳ್ಳಿ. ಏನಾದ್ರೂ ಸಿಕ್ರೆ ಇವನನ್ನ ಕೇಳ್ಬೇಡಿ, ಆಸ್ಪತ್ರೆಗೆ ಹೋಗಿ' ಅಂದಳು. ಮರುದಿನ ಬೆಳಗ್ಗೆ ಇಬ್ಬರು ಹೆಂಗಸರು ಚೀಲ ಇಳಿಸಿಟ್ಟು ಬಸ್ ಹತ್ತಿದರು. ಎಲೆ ಮುರಿಯುವ ದಿನ, ನೆನಪಿರಲಿ.

ದೊಡ್ಡಪ್ಪನಿಗೆ ಸುದ್ದಿ ತಲುಪಿತು. ಓಡಿ ಬಂದರು. 'ನನ್ನ ಮಗಳಿಗೆ ಸಂಬಂಧ ನೋಡ್ತಿದ್ದೀವಿ. ಊರೆಲ್ಲ ಡಂಗುರ ಹೊಡೀತೀಯಲ್ಲ ಮಾದಿ, ಗಂಡಿನ ಕಡೆಯವರು ಕೇಳಿದ್ರೆ ಏನ್ ಹೇಳೋದು?'

'ಆ ಮನೇಲೂ ಹೆಂಗಸರಿದ್ದಾರಲ್ಲಣ್ಣ? ಅವರಿಗೂ ಇದೇ ಹೇಳು.'

ಗಂಡಿನ ಕಡೆಯವರು ಭಾನುವಾರ ಬರುತ್ತಿದ್ದಾರೆ. ತಲೆಗೆ ಬಟ್ಟೆ ಕಟ್ಟುವುದಿಲ್ಲ ಅಂದಿದ್ದಾಳೆ ಮಾಮಿ. ಯಾರು ಕಟ್ಟಿಸುತ್ತಾರೋ ನೋಡಿಯೇ ಬಿಡೋಣ.