ಡ್ರಾಯರಿನ ಬೇರಿಂಗು

ಸ್ಕೂಟರ್ ರಿಪೇರಿಯ ಆ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಅನುಮಾನಪ್ಪ. ಹೆಸರು ಸುಮ್ಮನೆ ಬಂದದ್ದಲ್ಲ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡದೆ ಒಳಗೆ ತಂದವನಲ್ಲ. ಸ್ವಂತ ಮಾವನ ಮನೆಯಲ್ಲಿ ಮಲಗಿದರೂ ಚಪ್ಪಲಿಯನ್ನು ಮಂಚದ ಕೆಳಗೇ ಇಟ್ಟುಕೊಳ್ಳುವ ಆಸಾಮಿ. ಜಗತ್ತೆಲ್ಲ ತನಗೆ ಟೋಪಿ ಹಾಕಲು ಕಾದು ಕೂತಿದೆ ಎಂದು ಅವನ ಲೆಕ್ಕ. ಹಾಗನ್ನಿಸಲು ಕಾರಣ ಅವನ ಡ್ರಾಯರಿನಲ್ಲೇ ಇತ್ತು.

ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ, ಸವೆದುಹೋದ ಒಂದು ಹಳೆಯ ಬೇರಿಂಗು. ಚಕ್ರ ಗರಗರ ಅನ್ನುತ್ತದೆ ಎಂದು ಯಾರೇ ಬರಲಿ, ಒಂದಿಷ್ಟು ಗ್ರೀಸ್ ಬಳಿದು, ಸಂಜೆ ಆ ಬೇರಿಂಗನ್ನು ಅಂಗೈಯಲ್ಲಿಟ್ಟು ತೋರಿಸುತ್ತಿದ್ದ. "ನೋಡಿ, ನಿಮ್ಮ ಗಾಡಿಯಿಂದ ಬಂದದ್ದು. ಇನ್ನೊಂದು ವಾರ ಬಿಟ್ಟಿದ್ರೆ ಚಕ್ರಾನೇ ಕಳಚ್ಕೊಳ್ತಿತ್ತು." ಗಿರಾಕಿ ಹೌಹಾರಿ, ಹಾಕದೇ ಇದ್ದ ಹೊಸ ಬೇರಿಂಗಿಗೆ ದುಡ್ಡು ಕೊಟ್ಟು, ಕೈಮುಗಿದು ಹೋಗುತ್ತಿದ್ದ. ಹೆಂಡತಿ ಆ ಹಳೇ ಬೇರಿಂಗನ್ನು ನಮ್ಮ ಮನೆಗೆ ಅನ್ನ ಹಾಕುವ ಹಿರಿಮಗ ಎನ್ನುತ್ತಿದ್ದಳು, ನಗದೆ.

ಇಂಥವನಿಗೆ ಒಮ್ಮೆ ಗಡಗಡ ನಡುಗಿಸುವ ಚಳಿಜ್ವರ ಬಂತು. ಏನೇನೋ ಬಡಬಡಿಸುತ್ತಿದ್ದವನನ್ನು ಹೆಂಡತಿ ಆಸ್ಪತ್ರೆಗೆ ಸೇರಿಸಿದಳು. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದೆ ಎಂದರು; ಡ್ರಿಪ್ಪಿನಲ್ಲಿ ಔಷಧಿ ಹೋಯಿತು, ಜ್ವರ ಇಳಿಯಿತು. ಮನೆಗೆ ಹೊರಡಲು ಅಂಗಿ ಹಾಕಿಕೊಳ್ಳುವಾಗ ಡಾಕ್ಟರಮ್ಮ ಬಂದು ಕೂತರು. ಈ ಜಾತಿಯ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಿನಲ್ಲಿರುವಂಥದ್ದು; ಅದು ರಕ್ತಕ್ಕೆ ನುಗ್ಗಿದೆಯೆಂದರೆ ಕರುಳಿನ ಗೋಡೆಯಲ್ಲಿ ಎಲ್ಲೋ ದಾರಿಯಾಗಿರಬಹುದು; ಇಂಥ ಕೆಲವರ ದೊಡ್ಡ ಕರುಳಿನಲ್ಲಿ ಗಂಟು, ಒಮ್ಮೊಮ್ಮೆ ಕ್ಯಾನ್ಸರ್ರೇ ಸದ್ದಿಲ್ಲದೆ ಬೆಳೆದಿರುತ್ತದೆ; ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿಬಿಡೋಣ ಎಂದರು.

ಅವನ ಕಿವಿ ನೆಟ್ಟಗಾಯಿತು. ಬ್ರೇಕ್ ಬಿಗಿ ಮಾಡಿಸಲು ಬಂದವನಿಗೆ ಎಂಜಿನ್ನೇ ಬಿಚ್ಚಬೇಕು ಅನ್ನುವ ರಾಗ ಇದು. ಎಷ್ಟೋ ಸಲ ಅವನೇ ಎಳೆದ ರಾಗ. ಹೊಟ್ಟೆನೋವಿಲ್ಲ, ಊಟ ಸೇರುತ್ತಿದೆ, ಇನ್ನೇನು? ಯೋಚಿಸಿ ಹೇಳ್ತೀನಿ ಎಂದು ಮನೆಗೆ ಬಂದುಬಿಟ್ಟ.

ಹೆಂಡತಿ ಬಿಡಲಿಲ್ಲ. ಬಟ್ಟೆ ಮಡಚುತ್ತಾ ಮತ್ತೆ ಮತ್ತೆ ಅದನ್ನೇ ಎತ್ತಿದಳು.

"ಫೋಟೋ ತೋರಿಸ್ತಾರಂತೆ," ಎಂದ ಅವನು. "ಯಾರ ಹೊಟ್ಟೇದೋ ಯಾರಿಗ್ಗೊತ್ತು?"

ಅವಳ ಕೈ ನಿಂತಿತು. "ಎಲ್ಲರೂ ನಿಮ್ಮ ಹಾಗೇ ಡ್ರಾಯರ್ ಇಟ್ಕೊಂಡಿದ್ದಾರೆ ಅಂದ್ಕೊಂಡ್ರಾ? ಜ್ವರದಲ್ಲಿ ನನ್ನ ಮುಖ ನೋಡಿ ಯಾರಮ್ಮಾ ನೀನು ಅಂದ್ರಿ. ಅದನ್ನ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ ರೀ."

ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅನುಮಾನ ಮಾತ್ರ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಷರತ್ತು ಹಾಕಿದ: ತನಗೆ ಮಂಪರು ಬರಿಸಬಾರದು, ಕ್ಯಾಮೆರಾ ಕಂಡದ್ದನ್ನು ತೋರಿಸುವ ಟಿವಿಯನ್ನು ತನ್ನ ಕಡೆ ತಿರುಗಿಸಬೇಕು. ಸ್ವಲ್ಪ ನೋವಾಗುತ್ತದೆ ಎಂದು ಹೇಳಿ ಡಾಕ್ಟರಮ್ಮ ಒಪ್ಪಿದರು. ಹೊಟ್ಟೆ ಖಾಲಿ ಮಾಡುವ ನೀರು ಕುಡಿಯುವಾಗಲೂ, ಮೊದಲು ಆಯಿಲ್ ಇಳಿಸ್ತಾರೆ, ಆಮೇಲೆ ಬಿಲ್ ಏರಿಸ್ತಾರೆ ಎಂದು ಗೊಣಗಿದ.

ಮಗ್ಗುಲಾಗಿ ಮಲಗಿ ಕಣ್ಣು ಮಿಟುಕಿಸದೆ ಟಿವಿ ನೋಡಿದ. ಗುಲಾಬಿ ಬಣ್ಣದ, ಒದ್ದೆಯಾದ ಸುರಂಗ. ಬಹಳ ಹೊತ್ತು ಅಲ್ಲೇನೂ ಇರಲಿಲ್ಲ, ಅವನಿಗೆ ಗೆದ್ದೆ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರಮ್ಮ ಕೊಳವೆಯನ್ನು ತಡೆದು ನಿಲ್ಲಿಸಿದರು. ಒಂದು ತಿರುವಿನಲ್ಲಿ ಗಂಟುಗಂಟಾದ, ಅಂಚಿನಲ್ಲಿ ರಕ್ತ ಜಿನುಗುವ ಗಡ್ಡೆ.

ಹಳೆಯ ವಿಡಿಯೋ, ಎಂದುಕೊಂಡ. ಎಲ್ಲರಿಗೂ ಇದನ್ನೇ ತೋರಿಸುತ್ತಾರೆ.

ಬೇಕೆಂದೇ ಕೆಮ್ಮಿದ. ಗಡ್ಡೆ ಅಲುಗಿತು. ಉಸಿರು ಬಿಗಿಹಿಡಿದ. ನಿಂತಿತು. ಮತ್ತೆ ಕೆಮ್ಮಿದ. ಮತ್ತೆ ಅಲುಗಿತು.

ನೋವಾಗ್ತಿದೆಯಾ ಎಂದು ಡಾಕ್ಟರಮ್ಮ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

"ಅದು ನಂದೇ, ಡಾಕ್ಟ್ರಮ್ಮಾ," ಎಂದ. "ತೆಗೆದುಬಿಡಿ. ತೆಗೆದ್ಮೇಲೆ ನನಗೆ ತೋರಿಸೋದೇನೂ ಬೇಡ."