ಸೋಮವಾರ ಲೋಡರ್ ಬಿಚ್ಚಿದ್ದು

ಆ ಸೋಮವಾರ ಮಧ್ಯಾಹ್ನ ಮಳೆ ನಿಂತಾಗಿನಿಂದ ನಾನು ಒಂದು ಕಡೆ ಕೂತವಳಲ್ಲ. ಗೊಳಸಂಗಿ ಹತ್ತಿರದ ನಮ್ಮ ದ್ರಾಕ್ಷಿ ತೋಟ ಹೂವಿಗೆ ಬಂದಿತ್ತು. ಹೂವಿನ ಮೇಲೆ ಮಳೆ ಬಿದ್ದು, ಕತ್ತಲಾಗುವುದರೊಳಗೆ ಔಷಧ ಹೊಡೆಯದಿದ್ದರೆ ಡೌನಿ ರೋಗ ಹತ್ತುತ್ತದೆ. ಹತ್ತಿದರೆ ಎಳೆ ಗೊನೆ ಒಣಗಿ ಉದುರಿ ಆ ವರ್ಷದ ಬೆಳೆ ಹೋದಂತೆಯೇ. ಔಷಧದ ಬ್ಲೋವರ್ ಎಳೆಯುವ ಸಣ್ಣ ಟ್ರ್ಯಾಕ್ಟರೇನೋ ಅಂಗಳದಲ್ಲೇ ಇತ್ತು. ಆದರೆ ಶನಿವಾರ ತಿಪ್ಪೆಗೊಬ್ಬರ ತುಂಬಲೆಂದು ಅದರ ಮುಂದೆ ಲೋಡರ್ ಜೋಡಿಸಿದ್ದರು. ಎರಡು ಕಬ್ಬಿಣದ ತೋಳು, ತುದಿಗೊಂದು ದೊಡ್ಡ ಬಕೆಟ್. ಅದನ್ನು ಹೊತ್ತುಕೊಂಡು ಬಳ್ಳಿಸಾಲಿನ ಕೊನೆಯಲ್ಲಿ ತಿರುಗಿದರೆ ಕಂಬಕ್ಕೆ ಬಡಿಯುತ್ತದೆ. ಮೊದಲು ಅದನ್ನು ಬಿಚ್ಚಬೇಕು.

ಸಿಂಪಲ್ ಮ್ಯಾಟರ್. ಆದರೆ ಸೋಮವಾರ.

ನಮ್ಮ ಬಾಗೇವಾಡಿ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ನಮ್ಮ ಕೊನೆಯ ಜೋಡಿ ಎತ್ತು ತೀರಿಕೊಂಡ ವರ್ಷವೇ ಟ್ರ್ಯಾಕ್ಟರು ಬಂದು ಅವುಗಳ ಜಾಗದಲ್ಲೇ ನಿಂತಿತು. ನನ್ನ ಮೈದುನ ಅದರ ಬಾನೆಟ್ಟಿಗೆ ವಿಭೂತಿ ಹಚ್ಚಿ, ಇದಕ್ಕೂ ಸೋಮವಾರ ಸೂಟಿ ಎಂದು ಅಂದೇ ಹೇಳಿಬಿಟ್ಟರು. ನನ್ನವರು ಆಗ ಇದ್ದರು, ಇಬ್ಬರೂ ನಕ್ಕಿದ್ದೆವು. ನಗುವಾಗ ಮಳೆಯ ನೆನಪು ಯಾರಿಗಿರುತ್ತದೆ?

ನನ್ನ ಹೋಪ್ ಎಲ್ಲ ಡ್ರೈವರ್ ಮೇಲಿತ್ತು. ಊರಿನ ಹಳೆಯ ಮುಸ್ಲಿಂ ಮನೆತನದವರು, ಅವರ ತಂದೆ ನಮ್ಮ ಎತ್ತು ಹೊಡೆಯುತ್ತಿದ್ದವರು. ಇವರಿಗೇನು ಸೋಮವಾರ ಎಂದುಕೊಂಡಿದ್ದೆ. ಅವರು ತಲೆ ತಗ್ಗಿಸಿ ನಿಂತರು.

“ನಮ್ಮಪ್ಪ ಒಂದ ಸೋಮವಾರನೂ ನಿಮ್ಮ ಎತ್ತಿನ ಹೆಗಲಿಗೆ ನೊಗ ಇಟ್ಟಾಂವ ಅಲ್ರಿ ಅಕ್ಕಾರ. ನಾ ಹೆಂಗ ಹೂಡ್ಲಿ?”

ನಾನು ವಾದ ಹೂಡಿದೆ. ಲೋಡರ್ ತೆಗೆಯುವುದು ಹೂಡುವುದಲ್ಲ, ಬಿಚ್ಚುವುದು. ಎತ್ತಿನ ಕೊರಳು ಬಿಚ್ಚಲು ಯಾವ ವಾರವಾದರೇನು? ಮೈದುನ ಅಷ್ಟಕ್ಕೆ ಒಪ್ಪಿದರು. ಒಂದೇ ಕಂಡೀಷನ್, ಎಂಜಿನ್ ಚಾಲೂ ಮಾಡಬಾರದು. ಮೊದಲು ಲೋಡರ್ ಇಳಿಯಲಿ, ಔಷಧ ಹೊಡೆಯಲು ಇನ್ನೊಂದು ವಾದ ಹುಡುಕಿದರಾಯಿತು ಎಂದುಕೊಂಡೆ.

ಲೋಡರಿನ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು. ಕನ್ನಡಕ ಏರಿಸಿಕೊಂಡು ಓದಿ ಹೇಳಿದೆ: ಬಕೆಟ್ ಸಪಾಟಾಗಿ ನೆಲಕ್ಕೂರಿ, ಆಸರೆಯ ಕಾಲು ಇಳಿಸಿ, ಎಂಜಿನ್ ನಡೆಯುತ್ತಿರುವಾಗಲೇ ಲಿವರ್ ಮೆಲ್ಲಗೆ ಒತ್ತಿ ಪಿನ್ನುಗಳ ಮೇಲಿನ ಭಾರ ತಪ್ಪಿಸಬೇಕು. ಇಬ್ಬರೂ ಪುರಾಣ ಕೇಳಿದಂತೆ ಕೇಳಿ, ಎದ್ದು ಹೋಗಿ ಸುತ್ತಿಗೆ ತಂದರು. ಎಡಗಡೆಯ ಪಿನ್ ಬಡಿದು ಬಡಿದು ಹೊರಬಂತು. ಇಡೀ ಭಾರ ಬಲಕ್ಕೆ ವಾಲಿ ಅಲ್ಲಿಯ ಪಿನ್ ಕಚ್ಚಿಕೊಂಡುಬಿಟ್ಟಿತು. ಈಗ ಲೋಡರ್ ಇದ್ದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ. ನಾನು ತೋಟಕ್ಕೂ ಅಂಗಳಕ್ಕೂ ನಾಲ್ಕು ಸಲ ಅಡ್ಡಾಡಿದೆ. ಎಲೆಗಳು ಇನ್ನೂ ಹಸಿ. ಹೊತ್ತು ಇಳಿಯುತ್ತಿತ್ತು.

“ನಿಮ್ಮ ಪುಸ್ತಕದಾಗ ಸೋಮವಾರದ್ದೇನರ ಬರದಾರೇನ್ರಿ ವೈನಿ?” ಎಂದರು ಮೈದುನ, ಬೆವರು ಒರೆಸಿಕೊಳ್ಳುತ್ತ.

ಸಿಟ್ಟು ಬಂತು. ಜೊತೆಗೆ ನಮ್ಮ ಕಾನ್ವೆಂಟಿನ ಸಿಸ್ಟರ್ ಕಣ್ಣಮುಂದೆ ಬಂದರು. ಸಂಡೇ ಒಂದು ಗುಂಡಿ ಹೊಲಿಯಲೂ ಬಿಡುತ್ತಿರಲಿಲ್ಲ. ಗುಂಡಿ ಕಿತ್ತ ಅಂಗಿಯಲ್ಲೇ ಪ್ರೇಯರಿಗೆ ನಿಂತಿದ್ದೆ. ಅಲ್ಲಿ ಭಾನುವಾರ ಪಾಲಿಸಿದೆ, ಇಲ್ಲಿ ಐವತ್ತು ವರ್ಷ ಸೋಮವಾರ. ಪಾಲಿಸುವುದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ.

ಸೀರೆಯ ನಿರಿಗೆ ಎತ್ತಿ ಕಟ್ಟಿ ಸೀಟು ಹತ್ತಿದೆ. ಮೊಣಕಾಲು ಲಟಕ್ಕೆಂದಿತು.

“ಪಾಪ ಬಂದ್ರ ನನಗ ಬರಲಿ. ಹೆಂಗ ಚಾಲೂ ಮಾಡೂದು, ಹೇಳ್ರಿ.”

ಮೈದುನ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಡ್ರೈವರ್ ಕೈ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ, ಒಂದೊಂದೇ ಹೇಳಿದರು: ಗೇರ್ ನ್ಯೂಟ್ರಲ್ ಮಾಡ್ರಿ, ಕ್ಲಚ್ ತುಳೀರಿ, ಈಗ ಕೀಲಿ. ಎಂಜಿನ್ ಚಾಲೂ ಆಯಿತು. ಲಿವರನ್ನು ಕೂದಲೆಳೆಯಷ್ಟು ಒತ್ತಿದೆ. ಕಚ್ಚಿದ್ದ ಪಿನ್ ಡ್ರೈವರ್ ಬೆರಳಿಗೇ ಬಂತು. ಎಂಜಿನ್ ಆರಿಸಿ, ಪ್ರೆಷರ್ ಹೋಗಲೆಂದು ಲಿವರನ್ನು ನಾಲ್ಕೂ ದಿಕ್ಕಿಗೆ ಆಡಿಸಿದ ಮೇಲೆ ಎಣ್ಣೆಯ ನಾಲ್ಕು ಪೈಪೂ ಸುಲಭವಾಗಿ ಕಳಚಿದವು. ಮತ್ತೆ ಚಾಲೂ ಮಾಡಿದವಳೂ ನಾನೇ. ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆದವರು ಡ್ರೈವರ್. ಬ್ಲೋವರಿನ ಕೊಂಡಿಗೆ ಪಿನ್ ಇಳಿಸಲು ಮತ್ತೆ ನನ್ನನ್ನೇ ಕರೆದರು.

“ಹೂಡಿದವ್ರು ನೀವು. ನಾ ಬರೇ ಹೊಡ್ಯಾಂವ,” ಎಂದು ಸಾಲಿಗೆ ಇಳಿದರು.

ಬೆಳಕಿರುವಾಗಲೇ ತೋಟಕ್ಕೆಲ್ಲ ಔಷಧ ಹೊಡೆದು ಮುಗಿಯಿತು, ಗೊನೆ ಉಳಿದವು. ನೆಮ್ಮದಿ ಮಾತ್ರ ಬರಲಿಲ್ಲ. ಹಾಲು ಹಿಂಡಿದ ಮೇಲೆ ಚಹಾಕ್ಕೆ ನನ್ನ ಅಡುಗೆಮನೆಗೇ ಬರುತ್ತಿದ್ದ ಮೈದುನ ಮಂಗಳವಾರ ಬರಲಿಲ್ಲ, ಬುಧವಾರವೂ ಇಲ್ಲ. ಹೋಗಿ ಸಾರಿ ಅನ್ನಲೇ ಎಂದು ಅವರ ಬಾಗಿಲವರೆಗೆ ಹೋಗಿ ಹೋಗಿ ತಿರುಗಿದೆ. ತಪ್ಪೆಂದು ಅನಿಸದೆ ಹೇಗೆ ಅನ್ನುವುದು?

ಭಾನುವಾರ ಮತ್ತೆ ಮೋಡ ಕಟ್ಟಿತು. ಹಿತ್ತಲಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿ ಹೋಗಿ ನೋಡಿದರೆ, ನಡುವೆ ಗೊಬ್ಬರಕ್ಕೆಂದು ಮತ್ತೆ ಜೋಡಿಸಿದ್ದ ಲೋಡರನ್ನು ಬಿಚ್ಚಿ ಹಲಗೆಗಳ ಮೇಲೆ ನೆಟ್ಟಗೆ ನಿಲ್ಲಿಸಿಯಾಗಿತ್ತು. ಮೈದುನ ಒಬ್ಬರೇ ಬ್ಲೋವರಿಗೆ ಪಿನ್ ಇಳಿಸುತ್ತಿದ್ದರು.

“ರವಿವಾರ ಹೂಡೇನ್ರಿ ವೈನಿ,” ಎಂದರು, ತಲೆ ಎತ್ತದೆ. “ನಾಳೆ ಮಳಿ ಬಂದ್ರೂ ಹೂಡೂದಿಲ್ಲ, ಬರೇ ಹೊಡ್ಯೂದು. ಮಂಗಳವಾರ ಬಿಚ್ಚಿದ್ರ ಆತು. ಚಹಾ ಇಡ್ರಿ.”