ಕಾಕಾನ ಮೂಗಿಗೆ ಸೂಟಿ

ಯರಗಟ್ಟಿ ಸಂತೆಯಲ್ಲಿ ತುಪ್ಪ ತೂಗಲು ತಕ್ಕಡಿ ಇತ್ತು, ಅದರ ಗುಣ ಹೇಳಲು ತುಪ್ಪ ಕೊಳ್ಳುವ ವ್ಯಾಪಾರಿ, ನಮ್ಮ ಬಸಲಿಂಗ ಕಾಕಾನ ಮೂಗಿತ್ತು. ಗಡಿಗೆಯ ಬಾಯಿಗೆ ಬಗ್ಗಿ, ಕಣ್ಣು ಮುಚ್ಚಿ, "ಆಕಳದ್ದು ಖರೆ. ಕಾಸುವಾಗ ಮಾತಾಡಕೋತ ಕುಂತೀರಿ, ತಳಾ ಹತ್ತೇತಿ" ಎನ್ನುತ್ತಿದ್ದ. ತಂದವರು ನಕ್ಕು ಒಪ್ಪಿಕೊಳ್ಳುತ್ತಿದ್ದರು.

ಇಂಥ ಮೂಗಿಗೆ ನೆಗಡಿ ಬಂದರೆ ವ್ಯಾಪಾರಕ್ಕೇ ಬೀಗ. ಅದಕ್ಕೇ ದಿನಾ ಮುಂಜಾನೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ವಾಲಿಸಿ, ಹಿತ್ತಾಳೆ ಗಿಂಡಿಯ ಕೊಳವೆಯಿಂದ ಒಂದು ಹೊಳ್ಳೆಗೆ ಬೆಚ್ಚಗಿನ ಉಪ್ಪುನೀರು ಬಿಡುತ್ತಿದ್ದ. ಇನ್ನೊಂದು ಹೊಳ್ಳೆಯಿಂದ ಧಾರೆ ಸುರಿಯುತ್ತಿತ್ತು.

ಕಾಲರಾ ಬಂದ ವರ್ಷ ಸರಕಾರದವರು ಊರ ಬಾವಿಗೆ ಕೆಂಪು ಔಷಧ ಹಾಕಿದರು. ನೆಗಡಿ ಹತ್ತಿದ್ದ ಕಾಕಾ ಅದನ್ನೇ ಒಂದಿಷ್ಟು ಬೇಡಿ ತಂದ. "ಬಾವ್ಯಾಗಿನ ಜಡ್ಡ ಹೋಗತೈತಿ ಅಂದ್ರ, ಮೂಗಿನ್ಯಾಗಿಂದ ಹೋಗದ ಎಲ್ಲಿರತೈತಿ?"

ಮರುದಿನ ಬಚ್ಚಲಲ್ಲಿ ಕೆಂಪು ನೀರು ಹರಿದದ್ದು ಕಂಡು ಕಾಕಾನ ಹೆಂಡತಿ ಚಿಗವ್ವ "ರಕ್ತಾ!" ಎಂದು ಚೀರಿದಳು. ರಕ್ತವಲ್ಲ. ಆದರೆ ಔಷಧ ಹೆಚ್ಚಾಗಿ ಹೊಳ್ಳೆಗಳು ಉರಿದು, ಥೇಟ್ ನಶ್ಯ ಏರಿಸುವವರ ಮೂಗಿನಂತೆ ಕಂದು ಕಲೆ ಹಿಡಿದವು. ನಶ್ಯದ ಮೂಗನ್ನು ತುಪ್ಪಕ್ಕೆ ಯಾರು ನಂಬುತ್ತಾರೆ?

ಸಂತೆಯಲ್ಲಿ ತುಪ್ಪ ಮಾರುವ ನೀಲವ್ವ ಗಡಿಗೆ ಹಿಂದಕ್ಕೆಳೆದುಕೊಂಡಳು. "ನಶ್ಯದ ಮೂಗ ನನ್ನ ಗಡಿಗ್ಯಾಗ ಬ್ಯಾಡ್ರಿ ಸಾವಕಾರ್ರ."

ಎಲ್ಲರೂ ಇತ್ತಲೇ ನೋಡಿದರು. ಇಷ್ಟು ವರ್ಷ ಗಳಿಸಿದ ಹೆಸರು ಒಂದು ಕಲೆಗೆ ಹೋಗುವುದರಲ್ಲಿತ್ತು. ಕಾಕಾ ಅಳುಕಲಿಲ್ಲ.

"ಇವತ್ತ ಮೂಗಿಗೆ ಸೂಟಿ ಐತಿ, ಯವ್ವಾ. ರಜಾ ದಿನಾ ಅದು ಕೆಲಸಾ ಮಾಡಂಗಿಲ್ಲ. ಮುಂದಿನ ಸಂತಿಗೆ ಬಾ. ಆಗ ತಪ್ಪಿದ್ರ ತಕ್ಕಡಿ ನಿನ್ನ ಕೈಯಾಗ ಕೊಡತೇನಿ."

ಮನೆಯಲ್ಲಿ ಚಿಗವ್ವ ನಿಂಬೆಹಣ್ಣು ಹಿಡಿದು ಕಲೆ ತೆಗೆಯಲು ಕೂತಳು.

"ಹಿತ್ತಾಳಿ ತಿಕ್ಕಿದಂಗ ತಿಕ್ಕಬ್ಯಾಡ!"

"ಹಿತ್ತಾಳೀನ ಶಾಣ್ಯಾ ಐತ್ರಿ. ಬಾವಿ ಔಷಧಾ ಏರಸಾಂಗಿಲ್ಲ."

ಕಾಕಾ ಮತ್ತೆ ಉಪ್ಪುನೀರಿಗೇ ಬಂದ. ಮುಂದಿನ ಸಂತೆಗೆ ನೀಲವ್ವ ಎರಡು ಗಡಿಗೆ ತಂದಳು. ಕಾಕಾ ಮೊದಲನೆಯದಕ್ಕೆ ಬಗ್ಗಿ, "ಇದು ನಿಮ್ಮ ಎಮ್ಮೀದು" ಎಂದ. ಎರಡನೆಯದಕ್ಕೆ ಇನ್ನೂ ತುಸು ಹೆಚ್ಚು ಹೊತ್ತು ಬಗ್ಗಿದ. "ಇದರಾಗ ಕುಸುಬಿ ಎಣ್ಣಿ ಐತಿ. ಮಾರಾಕಲ್ಲ, ನನ್ನ ಪರೀಕ್ಷಾ ಮಾಡಾಕ ಹಾಕೀ."

ನೀಲವ್ವ ಸೆರಗಲ್ಲಿ ಬಾಯಿ ಮುಚ್ಚಿ ನಕ್ಕಳು. "ಸೂಟಿ ಮುಗದೈತಿ ನೋಡ್ರಿ!"

ಈಗ ಕಾಕಾ ಇಲ್ಲ. ಚಿಗವ್ವ ಇಂದಿಗೂ ಆ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ಬಂಗಾರದಂತೆ ಬೆಳಗುತ್ತಾಳೆ. ಕೊಳವೆಯ ತುದಿಯಲ್ಲಿ ಮಾತ್ರ ಆ ಬಾವಿ ಔಷಧದ ಕಂದು ಕಲೆ ಹಾಗೇ ಇದೆ. ಒಮ್ಮೆ ನಾನು ಅದನ್ನು ತಿಕ್ಕಲು ಹೋದೆ. ಗಿಂಡಿ ಕಸಿದುಕೊಂಡಳು.

"ಅಲ್ಲಿ ಕೈ ಹಚ್ಚಬ್ಯಾಡ. ಅದಕ್ಕ ಸೂಟಿ ಐತಿ."